ಶಹಾಪುರ ಬಸ್ ಟೈಮ್ ಮತ್ತು ಕಂಟ್ರೋಲರ್ ಚಾಚಾ

ಹುಸೇನ್‌ಸಾಬ್ ಚಾಚಾ ಅವರ 'ಥೂ'ದಲ್ಲಿ ಉಗುಳು ಇರುತ್ತಿರಲಿಲ್ಲ. ಬರೀ ಸದ್ದು. ಊರೆಲ್ಲ ಉಗುಳುವ ಜಾಗದಲ್ಲೇ ನೌಕರಿ ಮುಗಿಸಿದ ಆ ಮನುಷ್ಯ ಒಮ್ಮೆಯಾದರೂ ನೆಲಕ್ಕೆ ಉಗುಳಿದ್ದನ್ನು ನಾನು ಕಾಣೆ. ಆದರೆ ಬೆಳಗಾದರೆ ಥೂ ಶುರು. ಚಹಾದ ಕಪ್ಪಿನ ಅಂಚಿಗೆ ಯಾರದೋ ತುಟಿಯ ಗುರುತಿದ್ದರೆ ಥೂ. ಬಸ್ಸಿನ ಕಿಟಕಿಯಿಂದ ಬಾಳೆಹಣ್ಣಿನ ಸಿಪ್ಪೆ ಬಿದ್ದರೆ ಥೂ. ಯಾರಾದರೂ "ಗಾಡಿ ಸುಮಾರು ಹತ್ತಕ್ಕ ಬರ್ತದ್ರಿ" ಅಂದರೆ ಎಲ್ಲಕ್ಕಿಂತ ದೊಡ್ಡ ಥೂ. 'ಸುಮಾರು' ಎನ್ನುವ ಮಾತು ಅವರಿಗೆ ಮೋರಿ ನೀರಿನಷ್ಟೇ ಹೇಸಿಗೆ.

ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವರು ಕಂಟ್ರೋಲರ್ ಆಗಿದ್ದರು. ಯಾವ ಗಾಡಿ ಬಂತು, ಯಾವುದು ಬಿಟ್ಟಿತು ಎಂದು ನೋಡಿ ಮೈಕಿನಲ್ಲಿ ಕೂಗುವ ಕೆಲಸ. "ಸುರಪುರ, ಕೆಂಭಾವಿ ಕಡಿ ಹೋಗೋರು ಲಗೂನ ಬರ್ರಿ, ಗಾಡಿ ನಿಮ್ಮ ಮಾವನ ಮನೀದಲ್ಲ!" ಎಂದು ಅವರು ಕೂಗಿದರೆ ರಸ್ತೆಯ ಈಚೆ ನನ್ನ ಅಂಗಡಿಯಲ್ಲಿ ಕೂತವರೂ ಗಡಬಡಿಸಿ ಎದ್ದು ನಿಲ್ಲುತ್ತಿದ್ದರು. ನನ್ನದು ಝೆರಾಕ್ಸ್, ಫೋಟೊ, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಅವರು ನಿವೃತ್ತರಾದ ಮೇಲೆ ಆ ಮೈಕಿನಿಂದ ಮುದ್ರಿಸಿಟ್ಟ ಒಬ್ಬ ಹೆಣ್ಣುಮಗಳ ದನಿ ಬರತೊಡಗಿತು. ಬಲು ಸವಿಯಾದ ದನಿ. ಚಾಚಾ ಅದನ್ನು ಕೇಳಿ ಮುಖ ಸಿಂಡರಿಸುತ್ತಿದ್ದರು.

"ಮಾತು ಸಕ್ಕರಿ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಆಕಿ ಗಾಡಿ ನೋಡ್ಯಾಳೇನು ಯವ್ವಾ? ಗಾಡಿ ಕೆಟ್ಟು ಕೊಂಕಲ್ ದಾರ್‍ಯಾಗ ನಿಂತದ, ಈಕಿ ಇಲ್ಲಿ ಗಾಡಿ ಹೊರಡಾಕ ತಯಾರದ ಅಂತಾಳ. ನೋಡದs ಹೇಳೂದು ಅಂದ್ರ ಝೂಟ್ ಹೇಳಿದಂಗs. ಥೂ!"

ಅದಕ್ಕೇ ಅವರು ನಿವೃತ್ತಿಯ ನಂತರವೂ ದಿನಾ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೂಗಿಗೆ ಬಿಳಿ ಕರವಸ್ತ್ರ. ಆ ಬಸ್ ಸ್ಟ್ಯಾಂಡಿನ ಹೊಲಸನ್ನು ನಾನು ಬೇರೆ ಹೇಳಬೇಕಾಗಿಲ್ಲ. ಕಂಬಗಳಿಗೆ ಎದೆಯೆತ್ತರದವರೆಗೆ ಗುಟಕಾದ ಬಣ್ಣ, ಹಿಂದಿನ ಗೋಡೆಯ ಕಡೆಯಿಂದ ಬರುವ ನಾತ, ಕಾಲಿಡಲು ನಾಲ್ಕು ಬೆರಳು ಒಣ ನೆಲ ಸಿಕ್ಕರೆ ಪುಣ್ಯ. ನಾನಾದರೆ ಸೀರೆ ಎತ್ತಿ ಹಿಡಿದು ಒಂದೇ ಉಸುರಿನಲ್ಲಿ ದಾಟಿ ಬರುತ್ತಿದ್ದೆ. ಚಾಚಾ ಅಲ್ಲೇ ನಿಂತು, ಪ್ರತಿ ಗಾಡಿ ಬಿಟ್ಟ ಹೊತ್ತನ್ನು ಬಾಲ್‌ಪೆನ್ನಿನಿಂದ ಎಡ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದರು. ಆಮೇಲೆ ನನ್ನ ಅಂಗಡಿಗೆ ಬಂದು, ಕುರ್ಚಿ ಒರೆಸಿ ಕೂತು ಅಂಗೈ ಓದಿ ಹೇಳುವರು. ಹೇಳಿ ಮುಗಿದ ಕೂಡಲೇ ಸಾಬೂನು ಹಚ್ಚಿ ಕೈ ತೊಳೆದುಬಿಡುವರು.

ಮೊದಲು ಇದು ಹರಟೆಗೆ ನೆಪವಷ್ಟೇ ಆಗಿತ್ತು. ಗಿರಾಕಿಗಳು ನನ್ನನ್ನೇ ಬಸ್ಸಿನ ಹೊತ್ತು ಕೇಳತೊಡಗಿದಾಗ, ಒಂದು ವೆಬ್‌ಸೈಟ್ ಮಾಡಿ ಚಾಚಾ ಹೇಳಿದ್ದನ್ನು ಅದಕ್ಕೆ ಹಾಕತೊಡಗಿದೆ. ಶಹಾಪುರ, ಯಾದಗಿರಿ, ಸುರಪುರ, ಕೆಂಭಾವಿ, ಕಡೇಚೂರು, ಅಷ್ಟೇ ಊರುಗಳು. ಅಲಂಕಾರವಿಲ್ಲ, ಜಾಹೀರಾತಿಲ್ಲ. ಕಡೇಚೂರಿನ ಫ್ಯಾಕ್ಟರಿಗೆ ಹೋಗುವ ಕೂಲಿಗಳು, ಕಾಲೇಜಿನ ಹುಡುಗಿಯರು, ಟೀಚರುಗಳು ಎಲ್ಲ ನೋಡತೊಡಗಿದರು. ಸ್ವಲ್ಪ ದಿನಕ್ಕೆ ಮೊಬೈಲಿನಲ್ಲಿ 'ಶಹಾಪುರ ಬಸ್ ಟೈಮ್' ಎಂದು ಹುಡುಕಿದರೆ ಮೊಟ್ಟಮೊದಲು ನಮ್ಮದೇ ಬರತೊಡಗಿತು. ಚಾಚಾ ಹಿಗ್ಗಿದ್ದೇ ಹಿಗ್ಗಿದ್ದು. ಅಪರಿಚಿತರ ಪಕ್ಕ ಕೂತು "ನಿಮ್ಮ ಫೋನಿನ್ಯಾಗ ಸ್ವಲ್ಪ ಬಸ್ ಟೈಮ್ ಹುಡಕ್ರಿ ನೋಡೂಣು" ಎಂದು ಏನೂ ಅರಿಯದವರಂತೆ ಕೇಳುವರು. ನಮ್ಮ ಪುಟ ಬಂದರೆ ಗಂಟಲು ಸರಿಮಾಡಿಕೊಂಡು ಎದ್ದು ಹೋಗುವರು.

"ನನ್ನ ಮೈಕ್ ಕಸಕೊಂಡ್ರು. ಇದು ಯಾರ ಅಪ್ಪನಿಗೂ ಕಸಗೊಳ್ಳಾಕ ಬರಲಾರದ ಮೈಕು" ಅನ್ನುತ್ತಿದ್ದರು.

ಅವರಿಗೊಂದು ಕಟ್ಟುನಿಟ್ಟಿತ್ತು. ನೌಕರಿಯಲ್ಲಿದ್ದಾಗ ಗೋಡೆಯ ಟೈಮ್ ಬೋರ್ಡಿನಲ್ಲಿ ಒಂದು ಗಾಡಿಯ ಹೊತ್ತು ಬದಲಾದರೂ ಅದನ್ನು ಅಡ್ಡಗೀಟು ಹೊಡೆದು ತಿದ್ದಲು ಬಿಡುತ್ತಿರಲಿಲ್ಲ. ಇಡೀ ಬೋರ್ಡಿಗೆ ಸುಣ್ಣ ಬಳಿಸಿ, ಒಣಗಿದ ಮೇಲೆ ಹೊಸದಾಗಿ ಬರೆಸುತ್ತಿದ್ದರು. ಹಳೆಯ ಅಂಕಿ ಕಣ್ಣಿಗೆ ಬಿದ್ದರೆ ಯಾರಾದರೂ ಅದನ್ನೇ ನಂಬಿಯಾರು ಎಂಬ ಭಯ. ವೆಬ್‌ಸೈಟಿಗೂ ಅದೇ ಕಾನೂನು. ಹೊತ್ತು ಬದಲಾದ ಪುಟವನ್ನು ನಾನು ಪೂರಾ ಅಳಿಸಿ, ಬೇರೆ ವಿಳಾಸದಲ್ಲಿ ಹೊಸ ಪುಟ ಮಾಡಬೇಕು. ಪಕ್ಕದಲ್ಲಿ ನಿಂತು ನೋಡುವರು. "ಹೋತೇನು? ಪೂರಾ ಹೋತೇನು?" ಎಂದು ಕೇಳಿ, ಹೋಯಿತು ಅಂದ ಮೇಲೆಯೇ ಕೂರುವರು.

ಆ ಮೊದಲ ಜಾಗದಿಂದ ನಮ್ಮ ಪುಟ ಯಾವಾಗ ಕೆಳಗಿಳಿಯಿತೋ ತಿಳಿಯಲಿಲ್ಲ. ಒಂದು ಸಂಜೆ ಚಾಚಾ ಕೆಂಭಾವಿಯ ಹುಡುಗಿಯೊಬ್ಬಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಪರೀಕ್ಷೆ ಬರೆಯಲು ಬಂದವಳು, ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಿಸಿಕೊಂಡಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಅಳುತ್ತ ನಿಂತಿದ್ದಳಂತೆ, ಸುತ್ತ ನಾಲ್ಕು ಜನ ಪುಂಡರು ನಿಂತು ನಗುತ್ತಿದ್ದರಂತೆ. ಅವಳ ಫೋನಿನಲ್ಲಿ ಮೊದಲು ಬಂದ ಪುಟ ನಮ್ಮದಲ್ಲ. ಅದರಲ್ಲಿ ಕೆಂಭಾವಿ ಬಸ್ಸಿಗೆ ಇನ್ನೂ ಒಂದು ತಾಸು ಇದೆ ಎಂದು ಬರೆದಿತ್ತು. ನಮ್ಮದು ಎಲ್ಲಿದೆ ಎಂದು ಹುಡುಕಿದೆ. ಬೆರಳು ನೋಯುವಷ್ಟು ಸರಿಸಿದ ಮೇಲೆ ಮೂರನೆಯ ಪುಟದ ಬುಡದಲ್ಲಿ ಸಿಕ್ಕಿತು. ಚಾಚಾ ಹುಡುಗಿಯ ಅಪ್ಪನಿಗೆ ಫೋನು ಹಚ್ಚಿಸಿ, "ನಿಮ್ಮ ಮಗಳು ನಮ್ಮ ಮನ್ಯಾಗ ಇರ್ತಾಳ್ರಿ, ನಮ್ಮ ಬೀಬಿ ಅದಾಳ, ನಿಶ್ಚಿಂತಿರ್‍ರಿ" ಎಂದು ಹೇಳಿ ಅವಳನ್ನು ಮನೆಗೆ ಕರೆದೊಯ್ದರು. ಅಂದು ಒಂದು ಸಲವೂ ಥೂ ಅನ್ನಲಿಲ್ಲ.

ಮರುದಿನ ನಮಗಿಂತ ಮೇಲಿದ್ದ ಪುಟಗಳನ್ನೆಲ್ಲ ತೆರೆದು ನೋಡಿದೆವು. ನನಗೆ ಬಸ್ ಸ್ಟ್ಯಾಂಡಿನ ಹಿಂಗೋಡೆಯೇ ವಾಸಿ ಅನ್ನಿಸಿತು. ಒಂದರಲ್ಲಿ ಯಾವುದೋ ಪರದೇಶದ ಬಸ್ಸಿನ ಚಿತ್ರ. ಇನ್ನೊಂದರಲ್ಲಿ ಬೇರೆ ರಾಜ್ಯದ ಇನ್ನಾವುದೋ ಶಹಾಪುರದ ಗಾಡಿಗಳು. ಮತ್ತೊಂದರಲ್ಲಿ ಹೊತ್ತು ನೋಡಲು ಬೆರಳಿಟ್ಟರೆ ಕೂದಲ ಎಣ್ಣೆಯ ಜಾಹೀರಾತು ಹಾರಿ ಬರುತ್ತದೆ. ನಾವು ಎರಡು ವರ್ಷದ ಹಿಂದೆ ಅಳಿಸಿದ ಹೊತ್ತುಗಳನ್ನು ಕದ್ದು ಹಾಕಿಕೊಂಡವರೂ ಇದ್ದರು. ಇವರಲ್ಲಿ ಒಬ್ಬನಾದರೂ ಶಹಾಪುರದ ಮಣ್ಣು ತುಳಿದವನಲ್ಲ. ಜನ ದಾರಿ ತಪ್ಪಿದರೆ ಇವರಿಗೇನು, ಜಾಹೀರಾತು ಕಂಡರೆ ಸಾಕು.

"ಮತ್ತ ಮೊದಲನೇ ನಂಬರಿಗೆ ತರಬೇಕು ಯವ್ವಾ" ಅಂದರು ಚಾಚಾ. "ನನ್ನ ಹೆಸರಿಗಲ್ಲ. ಇನ್ನೊಂದು ಹುಡುಗಿ ಅಲ್ಲಿ ಹಂಗ ನಿಂದ್ರಬಾರದು."

ಯಾದಗಿರಿಯಲ್ಲಿ ಇಂಥದ್ದನ್ನೇ ಕಸುಬು ಮಾಡಿಕೊಂಡ ಒಬ್ಬನಿದ್ದ. ಕರೆಸಿದೆ. ತಂಪು ಕನ್ನಡಕ ತೆಗೆಯದೆಯೇ ಕೂತು, ನಿಮ್ಮ ಸೈಟಿನಲ್ಲಿ ಮಾತೇ ಇಲ್ಲ, ಬರೀ ಅಂಕಿ, ಉದ್ದಕ್ಕೆ ಬರೆಯಬೇಕು ಎಂದ. ಹೇಗೆ ಬರೆಯಬೇಕೆಂದು ಒಂದು ನಮೂನೆಯನ್ನೂ ಕಳಿಸಿದ. ಚಾಚಾ ಅದನ್ನು ಪ್ರಿಂಟ್ ಹಾಕಿಸಿಕೊಂಡು, ಕನ್ನಡಕ ಏರಿಸಿ, ಎದ್ದು ನಿಂತು ತಮ್ಮ ಹಳೆಯ ಮೈಕಿನ ದನಿಯಲ್ಲಿ ಓದಿದರು:

"ಶಹಾಪುರ ಬಸ್ ಟೈಮ್ ತಿಳಿಯಬೇಕೇ? ಶಹಾಪುರ ಬಸ್ ಟೈಮ್ ತಿಳಿಯಲು ಬಯಸುವ ನಿಮಗೆ ಶಹಾಪುರ ಬಸ್ ಟೈಮ್ ಪುಟಕ್ಕೆ ಸ್ವಾಗತ. ಬಸ್ ಎಂಬುದು ಮಾನವನ ಜೀವನದಲ್ಲಿ ಮಹತ್ವದ ಸ್ಥಾನ ಪಡೆದಿದೆ. ಶಹಾಪುರದ ಸುಂದರ ಬಸ್ ನಿಲ್ದಾಣವು..."

'ಸುಂದರ' ಎಂಬಲ್ಲಿಗೆ ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಚಾಚಾ ನಗಲಿಲ್ಲ. ಹಾಳೆಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದು ಕಸದ ಡಬ್ಬಿಗೆ ಬಿಟ್ಟರು. "ಇದನ್ನ ಓದಿ ಮುಗಸೂದ್ರಾಗ ಗಾಡಿ ಸುರಪುರ ಮುಟ್ಟಿರ್ತದ. ಥೂ!" ಎಂದು ಕೈ ತೊಳೆಯಲು ಹೋದರು.

ಕಾರಣ ಸಿಕ್ಕಿದ್ದು ಆಕಸ್ಮಿಕವಾಗಿ. ಒಬ್ಬ ಟೀಚರಮ್ಮ ಬಂದು "ನಿಮ್ಮ ಬಸ್ಸಿನ ಪುಟ ನಮ್ಮ ಗ್ರೂಪಿನ್ಯಾಗ ಹಾಕಿದ್ದೆ, ಈಗ ತೆಗದ್ರ ಪುಟಾನs ಇಲ್ಲ ಅಂತದಲ್ರಿ" ಎಂದು ತೋರಿಸಿದರು. ಶಾಲೆಗಳು, ಕಾಲೇಜುಗಳು, ಊರೂರಿನ ವಾಟ್ಸಾಪ್ ಗುಂಪುಗಳು, ಯಾರು ಯಾರು ನಮ್ಮನ್ನು ನಂಬಿ ವಿಳಾಸ ಹಂಚಿದ್ದರೋ ಅವೆಲ್ಲ ನಾವು ಅಳಿಸಿದ ಪುಟಗಳ ವಿಳಾಸ. ಹುಡುಕಾಟದ ಯಂತ್ರ ನಮ್ಮನ್ನು ಮೇಲಕ್ಕೆ ಇಟ್ಟಿದ್ದೇ ಆ ಹಂಚಿಕೆ ನೋಡಿ. ಈಗ ಅದು ಎಲ್ಲಿ ಕಾಲಿಟ್ಟರೂ ಬಯಲು. ಇಷ್ಟು ಸಲ ಮನೆ ಬದಲಿಸುವವರನ್ನು ಅದಾದರೂ ಎಷ್ಟು ದಿನ ನಂಬೀತು? ಶುದ್ಧ ಸುಳ್ಳು ಹೇಳುವ ಪುಟಗಳು ಇದ್ದಲ್ಲೇ ಇದ್ದು ಮೇಲೇರಿದ್ದವು. ಸುಳ್ಳನ್ನು ಒರೆಸುತ್ತ ಹೋದ ನಾವೇ ಕೆಳಗೆ ಬಿದ್ದಿದ್ದೆವು.

ಹಳೆಯ ವಿಳಾಸಗಳನ್ನೆಲ್ಲ ಮತ್ತೆ ಎಬ್ಬಿಸಿ, ಅಲ್ಲಿಗೆ ಬಂದವರು ತಾನಾಗಿ ಹೊಸ ಪುಟಕ್ಕೆ ಬರುವ ಹಾಗೆ ಮಾಡಬೇಕು, ಇನ್ನು ಮುಂದೆ ಒಂದೇ ವಿಳಾಸ ಇರಬೇಕು ಅಂದೆ. ಚಾಚಾ ಸಿಡಿದೆದ್ದರು.

"ಹೂತಿಟ್ಟ ಸುಳ್ಳು ಮತ್ತ ಎಬ್ಬಸ್ತಿಯೇನು? ತಲಿ ನೆಟ್ಟಗದ ಇಲ್ಲ?"

"ಚಾಚಾ, ನೀವು ಬೋರ್ಡಿಗೆ ಸುಣ್ಣ ಬಳಸ್ತಿದ್ರಿ. ಗ್ವಾಡಿ ಒಡಸ್ತಿದ್ರೇನು?"

ಅವರು ಕುರ್ಚಿ ಒರೆಸುವುದನ್ನೂ ಮರೆತು ಕೂತರು.

"ಇಲ್ಲ. ಗ್ವಾಡಿ ಅಲ್ಲೇ ಇರ್ತಿತ್ತು" ಅಂದರು. "ಇಷ್ಟು ದಿನಾ ನಾ ನಿನ್ನ ಕೈಲಿ ಗ್ವಾಡಿ ಒಡಿಸೇನಿ ಅಂದಂಗಾತು. ಥೂ ನನ್ನ!"

ಅವರು ತಮಗೆ ತಾವೇ ಥೂ ಅಂದುಕೊಂಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಳಿದ ವಿಳಾಸಗಳನ್ನೆಲ್ಲ ಹುಡುಕಿ ತೆಗೆದು ಸರಿಪಡಿಸಿದೆ. ಫಲ ಬೇಗ ಕಾಣುವ ಕೆಲಸವಲ್ಲ ಇದು. ಚಾಚಾ ದಿನಾ ಅಂಗೈ ಓದಿ ಹೇಳಿದ ಮೇಲೆ "ಎಲ್ಲಿಗೆ ಬಂತು?" ಎಂದು ಕೇಳುವರು. ಎರಡನೆಯ ಪುಟಕ್ಕೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಮೊದಲನೆಯ ಪುಟದ ಕೆಳಗೆ ಬಂದು ಕೂತಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ, ಕೆಂಭಾವಿ ಬಸ್ಸು ನಿಲ್ಲುವಲ್ಲಿ ಯಾರೋ ಉಗುಳಿದ್ದರ ಮೇಲೆ ಕಾಲಿಟ್ಟು ಚಾಚಾ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ನಾನು ಓಡಿಹೋದಾಗ ಆ ಬಿಳಿ ಅಂಗಿಯ ತುಂಬ ಕೆಂಪು. ರಕ್ತವೇನೋ ಎಂದು ಹೌಹಾರಿದೆ, ರಕ್ತವಲ್ಲ. ಬರೆಯುತ್ತ ಬರೆಯುತ್ತ ಈಗಲೂ ಮೈ ಉರಿಯುತ್ತದೆ. ಉಗುಳಿದವನು ಅಲ್ಲೇ ಗುಂಪಿನಲ್ಲಿ ನಿಂತು "ಅಯ್ಯೋ ಪಾಪ" ಅಂದಿರಬೇಕು.

ಅವರು ಮತ್ತೆ ಏಳಲಿಲ್ಲ. ಹಾಸಿಗೆ ಹಿಡಿದು ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಫೋನು ಹಿಡಿದುಕೊಂಡು ಅವರ ಮನೆಗೆ ಓಡಿದೆ. 'ಶಹಾಪುರ ಬಸ್ ಟೈಮ್' ಎಂದು ಅವರ ಕಣ್ಣೆದುರೇ ಹುಡುಕಿದೆ. ಎಲ್ಲರಿಗಿಂತ ಮೇಲೆ ನಮ್ಮದು. ಚಾಚಿ ಬಾಯಿ ಸಿಹಿ ಮಾಡಲು ಬೆಲ್ಲ ತಂದರು. ಚಾಚಾ ಫೋನನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಗಂಟಲು ಸರಿಮಾಡಿಕೊಂಡರು.

"ಕೆಂಭಾವಿ ಗಾಡಿ ಈಗ ಎಷ್ಟಕ್ಕ ಬಿಡ್ತದ?"

"ಅಲ್ಲೇ ಬರ್ದದಲ್ರೀ ಚಾಚಾ."

"ಬರ್ದದ್ದು ನಾ ಬೀಳೂಕಿಂತ ಮದ್ಲ ಹೇಳಿದ್ದು. ಈಗ ಎಷ್ಟಕ್ಕ ಬಿಡ್ತದ? ಯಾರರೆ ನೋಡ್ಯಾರೇನು?"

ಯಾರೂ ನೋಡಿಲ್ಲ ಅಂದೆ.

"ಹಂಗಾರ ಸುಣ್ಣ ಬಳಿ."

"ಚಾಚಾ! ಇದಕ್ಕಾಗಿ ಎಷ್ಟು ಒದ್ದಾಡೇವಿ! ಖಾಲಿ ಮಾಡಿದ್ರ ಮತ್ತ ಕೆಳಗ ಬೀಳ್ತದ್ರಿ."

"ಮೂರನೇ ಪುಟದಾಗ ಇದ್ದಾಗ ಸುಳ್ಳ ಹೇಳಿದ್ರ ಯಾರಿಗೂ ಮುಟ್ಟತಿದ್ದಿಲ್ಲ. ಮೊದಲನೇ ನಂಬರಿನ್ಯಾಗ ಕುಂತು ಹೇಳಿದ್ರ ಎಲ್ಲಾರಿಗೂ ಮುಟ್ತದ ಯವ್ವಾ."

"ನಾ ಹೋಗಿ ನಿಂತು ನೋಡ್ಕೊಂಡು ಬರ್ತೀನ್ರಿ, ದಿನಾ."

ಅವರು ನನ್ನ ಮೂಗಿನ ಮೇಲಿನ ಸೆರಗನ್ನು ನೋಡಿದರು. ಅವರ ಓಣಿಯ ಮೋರಿ ದಾಟುವಾಗ ಸುತ್ತಿಕೊಂಡದ್ದು, ತೆಗೆಯಲು ಮರೆತಿದ್ದೆ. "ನಿನ್ನ ಕೈಲಿ ಆಗೂದಿಲ್ಲ ಬಿಡು" ಎಂದು ನಕ್ಕರು. ಬೈಗುಳವಲ್ಲ, ಕನಿಕರ. ಅವರ ಹಾಸಿಗೆಯ ಪಕ್ಕದಲ್ಲೇ ಕೂತು ಒಂದೊಂದೇ ಗಾಡಿಯ ಹೊತ್ತನ್ನು ಅಳಿಸಿದೆ. ಗೋಡೆಯನ್ನು ಮಾತ್ರ ಉಳಿಸಿದೆ. 'ಇಲ್ಲಿ ಗಾಡಿ ನೋಡೋರು ಈಗಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ಕೇಳ್ರಿ' ಎಂದು ಅವರು ಹೇಳಿದ್ದನ್ನು ಹಾಗೆಯೇ ಬರೆದೆ. "ಪೂರಾ ಹೋತೇನು?" ಎಂದು ಕೇಳಿದರು. ಹೋಯಿತು ಅಂದೆ. ಕಣ್ಣು ಮುಚ್ಚಿಕೊಂಡರು. ಅದೇ ಕೊನೆಯ ಭೇಟಿ. ಚಳಿ ಕಡಿಮೆಯಾಗುವ ಮೊದಲೇ ತೀರಿಕೊಂಡರು.

ನಮ್ಮ ಪುಟ ಈಗ ಎಷ್ಟನೆಯದೋ, ಕೆಳಗೆ ಸರಿಸಿ ಹುಡುಕಿಲ್ಲ. ಮೊದಲನೆಯ ಜಾಗದಲ್ಲಿ 'ಶಹಾಪುರ ಬಸ್ ಟೈಮ್ ತಿಳಿಯಬೇಕೇ?' ಎನ್ನುವ, ಸುಂದರ ಬಸ್ ನಿಲ್ದಾಣದ ಪುಟ ಬಂದು ಕೂತಿದೆ. ಯಾದಗಿರಿಯ ಆ ತಂಪು ಕನ್ನಡಕದವನು ಆ ಬರಹವನ್ನು ಬೇರೆ ಯಾರಿಗೋ ಕೊಟ್ಟಿದ್ದಾನೆ.

ಮೊನ್ನೆ ಸಂಜೆ ಒಬ್ಬ ಹುಡುಗಿ ಅರ್ಜಿ ತುಂಬಿಸಿಕೊಂಡು, ಆ ಪುಟವನ್ನೇ ತೆರೆದು ನೋಡಿ, ಆರಾಮಾಗಿ ಬೆಂಚಿನ ಮೇಲೆ ಕೂತಳು. ಎಲ್ಲಿಗೆ ಹೋಗಬೇಕವ್ವ ಅಂದೆ. ಕೆಂಭಾವಿಗೆ, ಇನ್ನೂ ಟೈಮ್ ಅದ ಅಕ್ಕಾ, ಅಂದಳು. ಬಾ ಎಂದು ಅವಳ ಕೈ ಹಿಡಿದು, ಅಂಗಡಿಯನ್ನು ತೆರೆದಿಟ್ಟು ರಸ್ತೆ ದಾಟಿದೆ. ನಾತ ಮೂಗಿಗೆ ಬಡಿಯಿತು. ಒಂದು ಕೈಯಲ್ಲಿ ಅವಳು, ಒಂದು ಕೈಯಲ್ಲಿ ಸೀರೆಯ ನಿರಿಗೆ, ಮೂಗು ಮುಚ್ಚಲು ಮೂರನೆಯ ಕೈ ಇರಲಿಲ್ಲ. ಚಾಚಾ ಬಿದ್ದ ಜಾಗದಲ್ಲಿ ಮತ್ತೆ ಯಾರೋ ಉಗುಳಿದ್ದರು. ಅದನ್ನು ಬಳಸಿ ನಿಂತೆವು. ಮೇಲೆ ಮೈಕಿನ ಹೆಣ್ಣುಮಗಳು ಯಾವುದೋ ಬೇರೆ ಊರಿನ ಗಾಡಿಯನ್ನು ಸವಿಯಾಗಿ ಕರೆಯುತ್ತಿದ್ದಳು.

ಕೆಂಭಾವಿ ಬಸ್ಸು ಆಗಲೇ ಹಿಂದಕ್ಕೆ ಸರಿಯುತ್ತಿತ್ತು. ಕೂಗಿ ನಿಲ್ಲಿಸಿ ಹುಡುಗಿಯನ್ನು ಹತ್ತಿಸಿದೆ. ಬಸ್ಸು ಗೇಟು ದಾಟಿ ಹೋಯಿತು. ಮೊದಲನೇ ನಂಬರಿನ ಪುಟ ಹೇಳಿದ ಹೊತ್ತಾಗಲು ಇನ್ನೂ ಅರ್ಧ ತಾಸು ಇತ್ತು.