ಅಯ್ಯನವರ ಫೋನಿಗೆ ಹಾಕಿಕೊಟ್ಟ ಆಪ್‌ಗಳು

ಮಹಾರಾಷ್ಟ್ರದ ಗಡಿಯ ಉದಗೀರದ ಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಹೆಂಗಸರು ಸೀರೆ ಆರಿಸುತ್ತ ಕೂತಾಗ ಜೊತೆಗೆ ಬಂದ ಗಂಡಸರು ಬೇಸರಕ್ಕೆ ಮೊಬೈಲ್ ತೆಗೆಯುತ್ತಾರೆ. ಅದು ನನ್ನ ಕಣ್ಣಿಗೆ ಬಿತ್ತೋ, ಮುಗಿಯಿತು. ಬರೀ ಬೆಳಕು ಬಿಡುವ ಟಾರ್ಚ್ ಆಪಿಗೆ ನಿಮ್ಮ ಬೀಗರ ನಂಬರು ಯಾಕೆ ಬೇಕು, ಹಾಡು ಕೇಳಿಸುವ ಆಪಿಗೆ ನೀವು ಎಲ್ಲಿ ತಿರುಗಿದಿರಿ ಎಂಬ ಉಸಾಬರಿ ಯಾಕೆ ಎಂದು ಶುರು ಮಾಡುತ್ತೇನೆ. ಈ ವಿಷಯದಲ್ಲಿ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಮೊದಲ ಸೀರಿ ಮಾರ್ರಿ, ಉಪದೇಶ ಆಮ್ಯಾಲ" ಎಂದು ಗಲ್ಲೆಯ ಹತ್ತಿರ ಕೂತ ನನ್ನ ಹೆಂಡತಿ ಕೂಗುತ್ತಾಳೆ. ಅಷ್ಟರಲ್ಲಿ ನಾನು ಅವರ ಫೋನು ಇಸಿದುಕೊಂಡಿರುತ್ತೇನೆ.

ನಾನು ಹಾಕಿಕೊಡುವುದೆಲ್ಲ ಮುಕ್ತ ಆಪ್‌ಗಳು. ಯಾರೋ ಕೂತು ಬರೆದು, ಒಳಗೆ ಏನಿದೆ ಎಂಬುದನ್ನು ಎಲ್ಲರೂ ಓದಿ ತಿದ್ದಲಿ ಎಂದು ಬಿಚ್ಚಿಟ್ಟು, ಪುಕ್ಕಟೆ ಕೊಟ್ಟವು. ಅವುಗಳಲ್ಲಿ ಜಾಹೀರಾತು ಇಣುಕುವುದಿಲ್ಲ. ಕನ್ನಡ ಮರಾಠಿ ಎರಡನ್ನೂ ಬರೆಯುವ ಕೀಬೋರ್ಡು, ನೆಟ್‌ವರ್ಕ್ ಇಲ್ಲದ ಕಡೆಯೂ ದಾರಿ ತೋರಿಸುವ ನಕಾಶೆ, ಎಂಥ ಹಳೆಯ ವಿಡಿಯೋ ಆದರೂ ಮುಖ ಸಿಂಡರಿಸದೆ ತೋರಿಸುವ ಪ್ಲೇಯರು, ಇವನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ದನಿ ಮುದ್ರಿಸುವ ಒಂದು ಸಣ್ಣ ಆಪ್ ಇದೆ. ಅದನ್ನು ಹೇಳುವಾಗ ಮಾತ್ರ ನನಗೆ ನಮ್ಮ ಅಯ್ಯನವರ ನೆನಪಾಗಿ ಮಾತು ನಿಧಾನವಾಗುತ್ತದೆ.

ಅಯ್ಯನವರು ನಿಲಂಗಾದವರು, ನಮ್ಮ ಮನೆತನದ ಜಂಗಮರು. ಮನೆಯ ಒಕ್ಕಲು, ತೊಟ್ಟಿಲು, ಮದುವೆ, ಮಣ್ಣು, ಯಾವುದಿದ್ದರೂ ಅವರೇ ಬರಬೇಕು. ಉಮರ್ಗಾ, ಮುರುಮ, ವಲಾಂಡಿ, ಉದಗೀರ ಎಂದು ಹೆಗಲಿಗೆ ಜೋಳಿಗೆ ಹಾಕಿಕೊಂಡು ಬಸ್ಸಿನಲ್ಲಿ ತಿರುಗುವವರು. ನಮ್ಮಲ್ಲಿ ಮಕ್ಕಳಿಗೆ ಲಿಂಗದೀಕ್ಷೆ ಕೊಡುವಾಗ ಗುರು ಮಗುವಿನ ತಲೆಯ ಮೇಲೆ ಶಲ್ಯ ಹೊದಿಸಿ, ಕಿವಿಗೆ ಬಾಯಿ ಹಚ್ಚಿ ಮಂತ್ರ ಹೇಳುತ್ತಾರೆ. ಮಂತ್ರವೇನೋ ಊರಿಗೆಲ್ಲ ಗೊತ್ತಿರುವುದೇ. ಆದರೆ ಗುರುವಿನ ಬಾಯಿಂದ ನಮ್ಮ ಕಿವಿಗೆ, ಮೂರನೆಯವರಿಗೆ ಕೇಳಿಸದ ಹಾಗೆ ಬಂದಾಗಲೇ ಅದು ನಮ್ಮದಾಗುವುದು. ನನ್ನ ಕಿವಿಗೆ ಹೇಳಿದವರು ಈ ಅಯ್ಯನವರೇ.

ಅವರಿಗೆ ಭಕ್ತರೊಬ್ಬರು ಸ್ಮಾರ್ಟ್‌ಫೋನ್ ಕೊಡಿಸಿದ್ದರು. ಪಂಚಾಂಗದ ಆಪ್ ಒಂದನ್ನು ಯಾರೋ ಹಾಕಿಕೊಟ್ಟಿದ್ದರು. ವಲಾಂಡಿಯ ಒಂದು ಮನೆ ಒಕ್ಕಲಿನಲ್ಲಿ ಮುಹೂರ್ತ ನೋಡಲು ತೆಗೆದರೆ, ಪೂಜೆಗೆ ಕೂತವರ ನಡುವೆ ಅದು ರಮ್ಮಿ ಆಡಿರಿ, ಗೆಲ್ಲಿರಿ ಎಂದು ಒದರಿತಂತೆ. ಅಂದಿನಿಂದ ಅವರು ಯಾರ ಮನೆಗೆ ಹೋದರೂ ಫೋನನ್ನು ವಸ್ತ್ರದಲ್ಲಿ ಸುತ್ತಿ ಬಾಗಿಲ ಹೊರಗೆ ಚಪ್ಪಲಿಯ ಪಕ್ಕ ಇಟ್ಟು ಒಳಗೆ ಬರುತ್ತಿದ್ದರು. ನಮ್ಮ ಮನೆಗೂ ಹಾಗೇ ಬಂದಾಗ ನಾನು ಕಾರಣ ಕೇಳಿ ನಕ್ಕುಬಿಟ್ಟೆ.

"ನಗಬ್ಯಾಡ ತಮ್ಮಾ. ಅದಕ್ಕ ಕಿವಿ ಅದ. ನಾವು ಮನ್ಯಾಗ ಏನ್ ಮಾತಾಡ್ತೀವಿ ಅದನ್ನ ಕೇಳ್ತದ" ಎಂದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಂದೇ ಕೂತು ಅವರ ಫೋನಿನ ಕಸವನ್ನೆಲ್ಲ ಗುಡಿಸಿ ಹಾಕಿದೆ. ಜಾಹೀರಾತಿಲ್ಲದ ಕ್ಯಾಲೆಂಡರು, ಅವರ ಸ್ತೋತ್ರದ ಪುಸ್ತಕಗಳನ್ನು ದೊಡ್ಡ ಅಕ್ಷರದಲ್ಲಿ ತೋರಿಸುವ ಓದುವ ಆಪು, ಕೀಬೋರ್ಡು, ಎಲ್ಲ ಹಾಕಿದೆ. ನಕಾಶೆಯನ್ನೂ ಹಾಕಲು ಹೋದರೆ ಬೇಡವೆಂದರು. "ಮುರುಮಕ್ಕ ಹೋಗೋ ದಾರಿ ಇದು ನನಗ ಹೇಳ್ತದಾ? ನಾನೇ ಇದಕ್ಕ ಹೇಳ್ತೀನಿ ತಗಿ."

ಆಮೇಲೆ ಕನ್ನಡಕ ಏರಿಸಿ ಕೇಳಿದರು: "ಇವನ್ನೆಲ್ಲಾ ಯಾರು ಮಾಡ್ಯಾರ?"

"ಯಾರ್ಯಾರೋ ಮಾಡ್ಯಾರ್ರಿ. ಒಬ್ಬರು ಬರದಾರ, ಇನ್ನೊಬ್ಬರು ತಿದ್ಯಾರ. ಅವರ ಮಾರಿ ಯಾರೂ ನೋಡಿಲ್ಲ."

"ರೊಕ್ಕ?"

"ಒಂದು ಪೈಸಾನೂ ಕೇಳಂಗಿಲ್ರಿ."

"ಹಂಗಾದ್ರ ದಾಸೋಹ ಅನ್ನು ಮತ್ತ."

ಇಷ್ಟು ವರ್ಷ ಗಿರಾಕಿಗಳ ತಲೆ ತಿಂದರೂ ನನಗೆ ಆ ಒಂದು ಮಾತು ಹೊಳೆದಿರಲಿಲ್ಲ. ಅಂದಿನಿಂದ ಫೋನು ಚಪ್ಪಲಿಯ ಸಾಲು ಬಿಟ್ಟು ಅವರ ಜೋಳಿಗೆಗೆ ಬಂತು.

ನನ್ನ ಮಗಳಿಗೆ ದೀಕ್ಷೆ ಕೊಡುವುದೆಂದು ಮಾತಾಗಿದ್ದ ವರ್ಷವೇ ಅವರ ದನಿ ಒಡೆಯತೊಡಗಿತು. ಮೊದಲು ಥಂಡಿ ಎಂದರು, ಆಮೇಲೆ ಧೂಳು ಎಂದರು. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದಾಗ ಡಾಕ್ಟರು ಗಂಟಲಲ್ಲಿ ಗಡ್ಡೆ ಇದೆ, ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು, ತಡಮಾಡಿದರೆ ಜೀವಕ್ಕೇ ಬರುತ್ತದೆ ಎಂದರು. ಆಪರೇಷನ್ ಆದಮೇಲೆ ಮಾತಿಲ್ಲ. ಆ ಮೊದಲೇ ದೀಕ್ಷೆ ಮುಗಿಸೋಣವೆಂದರೆ ಅದೇ ವಾರ ಮಗಳ ಮೈಮೇಲೆಲ್ಲ ಗುಳ್ಳೆಯಾಗಿ ಅಮ್ಮ ಎದ್ದಳು. ಆಪರೇಷನ್ ಆಗುವವರು ಆ ಮಗುವಿನ ಹತ್ತಿರವೂ ಸುಳಿಯಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿಬಿಟ್ಟರು. ಮಠದಿಂದ ಬೇರೆ ಯಾರನ್ನಾದರೂ ಕರೆಸಬಹುದಿತ್ತು. ಆದರೆ ಸೊಳ್ಳೆಪರದೆಯೊಳಗೆ ಬೇವಿನ ಎಲೆಯ ಮೇಲೆ ಮಲಗಿದ್ದ ಮಗಳು ಒಂದೇ ಹಟ ಹಿಡಿದಳು: "ಮುತ್ಯಾನೇ ಹೇಳಬೇಕು." ಅವಳು ಅವರನ್ನು ಕರೆಯುವುದೇ ಮುತ್ಯಾ, ಅಂದರೆ ಅಜ್ಜ, ಎಂದು.

ನಾನು ನಿಲಂಗಾಕ್ಕೆ ಹೋಗಿ ಇದನ್ನು ಹೇಳಿದೆ. ಅಯ್ಯನವರು ಜೋಳಿಗೆಯಿಂದ ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಒಡಕು ದನಿಯಲ್ಲಿ, "ಫೋನಿನ್ಯಾಗ ಹೇಳಿಡಲಾಕ ಬರ್ತದೇನು?" ಎಂದರು. ಕೇಳಿದ್ದು ತಾವೇ ಅಲ್ಲ ಎಂಬಂತೆ ತಲೆ ಅಲ್ಲಾಡಿಸಿದರು. "ಬ್ಯಾಡ. ಅದು ಎಲ್ಲೆಲ್ಲಿಗಿ ಹೋಗ್ತದೋ ಏನೋ."

"ಎಲ್ಲಿಗೂ ಹೋಗಂಗಿಲ್ರಿ ಅಯ್ಯಾರ. ದನಿ ಹಿಡಿಯೋದು ಒಂದು ಆಪ್ ಅದ, ಅದಕ್ಕ ಇಂಟರ್ನೆಟ್ಟಿನ ಬಾಗಲೇ ಇಟ್ಟಿಲ್ಲ. ನೀವು ಹೇಳಿದ್ದು ನಿಮ್ಮ ಫೋನಿನ್ಯಾಗೇ ಇರ್ತದ."

"ನೀ ಹೆಂಗ ಖಾತ್ರಿ ಹೇಳ್ತಿ?"

"ಮಾಡಿದವರು ಹೆಂಗ ಮಾಡ್ಯಾರ ಅನ್ನೋದನ್ನ ಎಲ್ಲಾ ಬಿಚ್ಚಿಟ್ಟಾರ್ರಿ. ತಿಳದವರು ಓದಿ ನೋಡ್ಯಾರ."

"ಎಲ್ಲಾ ಬಿಚ್ಚಿಟ್ಟದ್ದು ಗುಟ್ಟು ಹೆಂಗ ಕಾಯ್ತದ ತಮ್ಮಾ?"

"ಅಡಿಗಿ ಮನಿ ಬಾಗಲ ತೆರದಿತ್ತಂದ್ರ ಒಳಗ ಏನ್ ಹಾಕ್ತಾರ ಅಂತ ಎಲ್ಲರೂ ನೋಡಬಹುದ್ರಿ. ಹಂಗಂತ ನಿಮ್ಮ ತಾಟಿನ್ಯಾಗ ಯಾರೂ ಕೈ ಹಾಕಂಗಿಲ್ಲ. ಬಾಗಲ ಹಾಕ್ಕೊಂಡು ಅಡಿಗಿ ಮಾಡೋರ ಮ್ಯಾಲೇ ನನಗ ಸಂಶೆ."

ಅವರಿಗೆ ಅದು ಒಪ್ಪಿಗೆಯಾಯಿತು. ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಮುಂಜಾನೆ ನಾನು ಅವರ ಪೂಜೆಯ ಕೋಣೆಯಲ್ಲಿ ಕೂತು, ಕೆಂಪು ಗುಂಡಿ ಒತ್ತಿ ಹೇಳಬೇಕು, ಮುಗಿದ ಮೇಲೆ ಮತ್ತೆ ಅದನ್ನೇ ಒತ್ತಬೇಕು ಎಂದು ತೋರಿಸಿಕೊಟ್ಟೆ. ಅವರು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಿದ್ದರು. ನನ್ನ ಮುಂದೆ ಅವರು ಹೇಳುವ ಹಾಗಿರಲಿಲ್ಲ, ನಾನು ಕೇಳುವ ಹಾಗೂ ಇರಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಅವರ ಹೆಂಡತಿಯ ಹತ್ತಿರ ಕೂತೆ. ಆ ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವರು ಕೈ ನಿಲ್ಲಿಸಿದರು. "ಇನ್ನ ನನ್ನ ಯಾರು ಒದರಿ ಕರೀತಾರೋ ತಮ್ಮಾ" ಎಂದು ಸೆರಗು ಬಾಯಿಗೆ ಹಚ್ಚಿಕೊಂಡರು. ನಾನು ಮೊರವನ್ನು ನನ್ನ ಕಡೆ ಎಳೆದುಕೊಂಡು ಕಲ್ಲು ಆರಿಸತೊಡಗಿದೆ.

ಅಯ್ಯನವರು ಹೊರಗೆ ಬಂದು "ಆತು" ಎಂದರು. ಕಣ್ಣು ಕೆಂಪಾಗಿದ್ದವು. ಇನ್ನೊಂದು ಪ್ರತಿ ಮಾಡಿಡಲೇ ಎಂದರೆ ಬೇಡವೆಂದರು, ಮಂತ್ರ ಒಂದೇ ಕಿವಿಗೆ ಹೋಗತಕ್ಕದ್ದು ಎಂದರು. ಸರಿಯಾಗಿ ಮುದ್ರಣವಾಗಿದೆಯೋ ಇಲ್ಲವೋ ಎಂದು ನೋಡಬೇಕಾದರೆ ನಾನು ಕೇಳಬೇಕಾಗುತ್ತಿತ್ತು. ಅದು ನನ್ನ ಮಗಳದು. ನಾನು ಮುಟ್ಟಲಿಲ್ಲ. ಅವರಿಗೂ ಹೇಳಿದ ಮಂತ್ರವನ್ನು ತಾವೇ ತಿರುಗಿ ಕೇಳುವುದು ಸರಿಯೆನಿಸಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಕೊರಳಲ್ಲೊಂದು ತೂತು, ಉಸಿರಾಟವೆಲ್ಲ ಅದರಿಂದಲೇ. ಬಾಯಿಯಿಂದ ಪಿಸುಮಾತೂ ಹೊರಡುತ್ತಿರಲಿಲ್ಲ. ಬರೆದದ್ದನ್ನು ಓದಿ ಹೇಳುವ ಒಂದು ಮುಕ್ತ ಆಪ್ ಹಾಕಿಕೊಟ್ಟೆ. ಅದರ ಕನ್ನಡ ಡಬ್ಬದೊಳಗೆ ಕಲ್ಲು ಕುಲುಕಿದ ಹಾಗೆ. ಆದರೂ ಅವರು ಬೇಗನೆ ಕಲಿತರು. ನೀರು ಕೊಡು, ನಾಳೆ ಉಮರ್ಗಾಕ್ಕೆ ಹೋಗಬೇಕು, ಸೋಮವಾರ ಒಳ್ಳೆಯ ದಿನ, ಎಲ್ಲವನ್ನೂ ಅದರಿಂದಲೇ ಹೇಳಿಸುತ್ತಿದ್ದರು. ಮಂತ್ರವನ್ನೂ ಅದರಿಂದ ಹೇಳಿಸಬಹುದಲ್ಲ ಎಂದು ಯಾರೋ ಅಂದಾಗ ಮಾತ್ರ ಫೋನು ಮಗುಚಿ ಇಟ್ಟು, ಮುಖ ತಿರುಗಿಸಿ ಕೂತರಂತೆ. ತಮ್ಮ ಸ್ವಂತ ದನಿ ಅದೇ ಫೋನಿನಲ್ಲಿ ಕೂತಿದೆ ಎಂಬ ಒಂದೇ ನಂಬಿಕೆಯ ಮೇಲೆ ಅವರು ಆ ತಿಂಗಳುಗಳನ್ನು ಕಳೆದರೆಂದು ನನಗೆ ಅನಿಸುತ್ತದೆ.

ಮಗಳು ಗುಣವಾಗಿ, ಅವರ ಗಾಯ ಮಾಯ್ದು, ದೀಕ್ಷೆಯ ದಿನ ಬಂತು. ನಮ್ಮ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿದ್ದೆವು. ಪೂಜೆಯ ಮಂತ್ರಗಳನ್ನು ಅವರ ಮಗ ಹೇಳಿದ. ಮಗಳ ಎಡ ಅಂಗೈಯಲ್ಲಿ ಲಿಂಗವಿಟ್ಟಾಯಿತು. ಕಿವಿಯ ಮಂತ್ರದ ಹೊತ್ತಿಗೆ ಅಯ್ಯನವರು ತಾವೇ ಫೋನು ತೆಗೆದು, ಗುಂಡಿ ಒತ್ತಿ, ಅವಳ ಬಲಗಿವಿಗೆ ಹಿಡಿದರು. ನಾವೆಲ್ಲ ಹಿಂದಕ್ಕೆ ಸರಿದೆವು.

ಮಗಳು ಕಣ್ಣು ಮುಚ್ಚಿ ಕೂತಿದ್ದಳು. ಹಣೆ ಸಣ್ಣಗೆ ಗಂಟಿಕ್ಕಿತು. ಫೋನನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಆಗ, ಪಡಸಾಲೆಯಲ್ಲಿ ಕೂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಅಯ್ಯನವರ ಆ ಒಡಕು ದನಿ ಬಂತು: "ಕೇಳಿಸ್ತೇನವ್ವಾ?"

ಅವರ ಹೆಂಡತಿ ಗೋಡೆ ಹಿಡಿದುಕೊಂಡರು. ಮಂತ್ರ ಹೇಳಿದ ಮೇಲೆ ಪ್ರತಿಯೊಂದು ಮಗುವನ್ನೂ ಅವರು ಹಾಗೆ ಕೇಳುತ್ತಿದ್ದರು. ನನ್ನನ್ನೂ ಕೇಳಿದ್ದರು. ನಾನದನ್ನು ಮರೆತೇಬಿಟ್ಟಿದ್ದೆ. ಖಾಲಿ ಕೋಣೆಯಲ್ಲಿ ಒಬ್ಬರೇ ಕೂತು, ಎದುರಿಗಿಲ್ಲದ ಹುಡುಗಿಯನ್ನು ಅವರು ಕೇಳಿದ್ದರು. ಅವಳು ಉತ್ತರ ಕೊಡಲೆಂದು ಸ್ವಲ್ಪ ಹೊತ್ತು ಬಿಟ್ಟೂ ಇದ್ದರು. ಆ ಮೌನ ಫೋನಿನಲ್ಲಿ ಹಾಗೇ ಓಡುತ್ತಿತ್ತು.

"ಇಲ್ಲ ಮುತ್ಯಾ" ಎಂದಳು ಮಗಳು. "ಕೇಳಿಸಲಿಲ್ಲ. ಬರೇ ಉಸುರು ಬಂತು."

ನನ್ನ ಹೆಂಡತಿ ಮುಂದೆ ಬಾಗಿ ಅವಳ ತೊಡೆ ಚಿವುಟಿದಳು. ಗುರುವಿನ ಮುಂದೆ ಸುಳ್ಳು ಹೇಳಬಾರದೆಂದು ಕಲಿಸಿದವಳೂ ಅವಳೇ. ಅಯ್ಯನವರು ಫೋನನ್ನು ತಿರುಗಿಸಿ ನೋಡಿದರು. ಮೇಲ್ತುದಿಯ ಸಣ್ಣ ಸೀಳನ್ನು, ನಾವು ಮಾತು ಕೇಳಲು ಕಿವಿ ಹಚ್ಚುವ ಜಾಗವನ್ನು, ಬೆರಳಿನಿಂದ ಮುಟ್ಟಿ ನನ್ನ ಕಡೆ ನೋಡಿದರು. ನನಗೆ ಎಲ್ಲ ತಿಳಿಯಿತು. ಜೀವಮಾನವೆಲ್ಲ ಕಿವಿಯಲ್ಲಿ ಮಂತ್ರ ಹೇಳಿದ ಮನುಷ್ಯ ಫೋನಿನ ಕಿವಿಯನ್ನು ಹುಡುಕಿ, ಅದಕ್ಕೆ ಬಾಯಿ ಹಚ್ಚಿದ್ದರು. ದನಿ ಹಿಡಿಯುವ ತೂತು ಇದ್ದದ್ದು ಕೆಳತುದಿಯಲ್ಲಿ, ಫೋನು ಹಿಡಿದ ಅವರ ಅಂಗೈಯ ಒಳಗೆ. ಕೈ ಸಡಿಲಿಸಿ ಹಿಂದೆ ಸರಿದು ಕೇಳಿದ ಪ್ರಶ್ನೆಯೊಂದೇ ಉಳಿದಿತ್ತು. ಆಪ್ ತನಗೆ ಕೇಳಿಸಿದ್ದನ್ನು ಪ್ರಾಮಾಣಿಕವಾಗಿ ಇಟ್ಟುಕೊಂಡಿತ್ತು. ಅದರ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ.

ಇನ್ನೊಬ್ಬ ಗುರುವನ್ನು ಕರೆಸೋಣವೆಂದು ಅವರ ಮಗ ನನ್ನ ಹತ್ತಿರ ಬಂದು ಮೆಲ್ಲಗೆ ಅಂದ. ಅಯ್ಯನವರು ಅದಕ್ಕೆ ಕಿವಿಗೊಡಲಿಲ್ಲ. ಫೋನು ಬಂದ್ ಮಾಡಿ ಪಕ್ಕಕ್ಕಿಟ್ಟರು. ಶಲ್ಯವನ್ನು ಎಳೆದು ತಮ್ಮ ತಲೆಯ ಮೇಲೂ ಮಗಳ ತಲೆಯ ಮೇಲೂ ಹೊದ್ದುಕೊಂಡರು. ಒಳಗೆ ಏನು ನಡೆಯಿತೋ ನಾವು ಕಾಣಲಿಲ್ಲ. ಅವರ ಕೊರಳಿನ ತೂತಿನಿಂದ ಉಸಿರು ಹೋಗಿ ಬರುವ ಸಪ್ಪಳವಷ್ಟೇ ಕೇಳಿಸುತ್ತಿತ್ತು. ಬಹಳ ಹೊತ್ತು ಕೇಳಿಸಿತು.

ಶಲ್ಯ ಸರಿಯಿತು. ಅಯ್ಯನವರು ಹಿಂದೆ ಸರಿದು ಕೂತು ಅವಳ ಮುಖ ನೋಡಿದರು. ತುಟಿ ಅಲ್ಲಾಡಿತು, ದನಿ ಇರಲಿಲ್ಲ. ಏನು ಕೇಳುತ್ತಿದ್ದಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಹೂಂ ಮುತ್ಯಾ" ಎಂದಳು ಮಗಳು. "ಈಗ ಕೇಳಿಸ್ತು."

ಅವರು ಎರಡೂ ಕೈಗಳನ್ನು ಅವಳ ತಲೆಯ ಮೇಲಿಟ್ಟು ಅತ್ತರು. ಆ ಅಳುವಿಗೂ ಸದ್ದಿರಲಿಲ್ಲ.