ಅಕ್ಕೋರು ಕಂಡ ಹಳದಿ ಕಾಳು

ನಮ್ಮೂರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಕ್ಕೋರು ಏನನ್ನಾದರೂ ಸರಿಯಾಗಿ ನೋಡಬೇಕೆಂದರೆ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸುತ್ತಿದ್ದರು. ಜೊತೆಗೆ, ಬಿಸಾಡಬೇಡ ಎನ್ನುವ ಅದೇ ಮಾತು: "ತಡಿ, ಒಗೆಯಡ."

ನಾನು ತಂಗಿಯ ಮದುವೆ ಮುಗಿಸಿ ಬರುವಷ್ಟರಲ್ಲಿ ನನ್ನ ಎರೆಗೊಬ್ಬರದ ತೊಟ್ಟಿ ಒಣಗಿ ಹುಳುಗಳೆಲ್ಲ ಸತ್ತಿದ್ದವು. ಬೇಸರದಿಂದ ಎಲ್ಲವನ್ನೂ ಬುಟ್ಟಿಗೆ ಬಾಚುತ್ತಿದ್ದೆ. ಪಕ್ಕದ ಮನೆಯಲ್ಲೇ ಇದ್ದ ಅಕ್ಕೋರು ಬೇಲಿಯಾಚೆಯಿಂದ ಕೂಗಿದರು, "ತಡಿಯೇ, ಒಗೆಯಡ!"

ಬಂದವರೇ ಗೊಬ್ಬರವನ್ನು ಅಂಗೈಯಲ್ಲಿ ಹರಡಿ, ಸಾಸಿವೆಗಿಂತ ಕೊಂಚ ದಪ್ಪನೆಯ ಹಳದಿ ಕಾಳೊಂದನ್ನು ಎತ್ತಿ ತೋರಿಸಿದರು.

"ಇದು ಎರೆಹುಳದ ಮೊಟ್ಟೆಗೂಡು. ಒಂದೊಂದು ಹುಳವೂ ಗಂಡೂ ಹೌದು, ಹೆಣ್ಣೂ ಹೌದು. ಆದ್ರೂ ಎರಡು ಕೂಡಲೇಬೇಕು, ಒಂದರ ಗಂಡುಬೀಜ ಇನ್ನೊಂದು ಇಸ್ಕತ್ತು. ಮೈಮೇಲೆ ದಪ್ಪ ಪಟ್ಟಿ ಇದ್ದಲೆ, ಅದು ಬಳೆ ಹಂಗೆ ಒಂದು ಪೊರೆ ಬಿಡ್ತು. ಆ ಬಳೆ ತಲೆ ಕಡೆ ಜಾರ್ತಾ ಮೊಟ್ಟೆ, ಬೀಜ ಎರಡನ್ನೂ ತುಂಬ್ಕಂಡು ಕಳಚಿ ಬೀಳ್ತು. ಹುಳ ಸತ್ರೂ ಇದು ತಡ್ಕತ್ತು. ನೀರು ಚಿಮುಕಿಸು."

ಚಿಮುಕಿಸಿದೆ. ಕೆಲವು ವಾರಗಳಲ್ಲಿ ಬಿಳಿ ನೂಲಿನಂಥ ಮರಿಗಳು ಮಿಸುಕಾಡಿದವು.

ಅಕ್ಕೋರಿಗೆ ಯಲ್ಲಾಪುರದ ಕಡೆ ವರ್ಗವಾದಾಗ, ತೆಂಗಿನ ಚಿಪ್ಪಿನಲ್ಲಿ ಅದೇ ತೊಟ್ಟಿಯ ಹಸಿ ಗೊಬ್ಬರ ತುಂಬಿ ಬಸ್ಸಿನ ಕಿಟಕಿಯಲ್ಲಿ ಕೊಟ್ಟೆ. ಮೇಲೆ ಒಂದು ಹುಳುವೂ ಕಾಣುತ್ತಿರಲಿಲ್ಲ. ಅವರು ಕನ್ನಡಕ ಏರಿಸಿ ನೋಡಿ, ನಕ್ಕು, ಚಿಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಎಂತದು ಅಕ್ಕೋರೇ, ಮಣ್ಣಾ?" ಎಂದ ಕಂಡಕ್ಟರ್.

"ಸಂಸಾರ," ಎಂದರು ಅಕ್ಕೋರು.