ಪಲ್ಪರ್ ಮೇಸ್ತ್ರಿಗಳು ಕಡೆದ ಬಳೆ

ಮಳೆಗಾಲ ಹಿಡಿಯುವ ಮೊದಲು ಲೆನ್ಸುಗಳನ್ನೆಲ್ಲ ಹೊರಗೆ ತೆಗೆದು ಒರೆಸಿಡುವುದು ನನ್ನ ರೂಢಿ. ಮೊನ್ನೆ ಹಾಗೆ ಒರೆಸುವಾಗ ಹಳೆಯ ಲೆನ್ಸೊಂದರ ಹಿಂದಿನ ಅಲ್ಯೂಮಿನಿಯಂ ಬಳೆ ಬಿಚ್ಚಿ ಕೈಗೆ ಬಂತು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷವಾದರೂ ಅದರ ತಿರುಪಿನ ಸುತ್ತುಗಳಲ್ಲಿ ಮೆಷಿನ್ ಆಯಿಲಿನ ವಾಸನೆ... ಅದನ್ನು ಕಡೆದುಕೊಟ್ಟ ಪಲ್ಪರ್ ಮೇಸ್ತ್ರಿಗಳು ಎದುರಿಗೇ ಬಂದು ನಿಂತಂತಾಯಿತು.

ಆಗ ನಾನು ಬಾಳೂರಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವ ಕೆಲಸ. ಫೋಟೋದ ಹುಚ್ಚು ಹತ್ತಿ ಸೆಕೆಂಡ್‌ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಂಡಿದ್ದೆ. ಆರು ತಿಂಗಳೊಳಗೆ ಜೀಪಿನಿಂದ ಬಿದ್ದು ಅದರ ಲೆನ್ಸ್ ಒಡೆಯಿತು. ನನ್ನ ಪೇಚಾಟ ನೋಡಿದ ಸಾಹುಕಾರರು ತಮ್ಮ ತಂದೆಯ ಕಾಲದ ಫಿಲ್ಮ್ ಕ್ಯಾಮೆರಾದ ಲೆನ್ಸ್ ತೆಗೆದುಕೊಟ್ಟರು. ಗಾಜು ಒಂದು ಗೀರೂ ಇಲ್ಲದೆ ತಿಳಿಯಾಗಿತ್ತು. ಆದರೆ ಅದು ನನ್ನ ಕ್ಯಾಮೆರಾಗೆ ಕೂರುವುದಿಲ್ಲ. ಎರಡನ್ನೂ ಜೋಡಿಸಲು ನಡುವೆ ಒಂದು ಬಳೆ ಬೇಕು. ಈಗಾದರೆ ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ನಾಲ್ಕು ದಿನಕ್ಕೆ ಮನೆಗೇ ಬರುತ್ತದೆ. ಅಂಥದ್ದು ಮಾರಾಟಕ್ಕಿದೆ ಎಂಬುದೇ ನನಗಾಗ ಗೊತ್ತಿರಲಿಲ್ಲ.

ಲೋಹ ಕಡೆಯುವ ಮೇಸ್ತ್ರಿಗಳ ಲೇತ್ ಅಂಗಡಿ ಇದ್ದದ್ದು ಮೂಡಿಗೆರೆಯಲ್ಲಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರುಗಳನ್ನು ರಿಪೇರಿ ಮಾಡುತ್ತಲೇ ಮುದುಕರಾದವರು. ಕೈ ಸಣ್ಣಗೆ ನಡುಗಲು ಶುರುವಾಗಿತ್ತು; ದೊಡ್ಡ ಎಸ್ಟೇಟಿನವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗತೊಡಗಿದ್ದರು. ನಾನು ಲೆನ್ಸನ್ನೂ ಕ್ಯಾಮೆರಾವನ್ನೂ ಮುಂದಿಟ್ಟಾಗ ಅವರು ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡು ಎತ್ತಿಕೊಂಡರು.

"ಇದು ಗಂಡು, ಇದು ಹೆಣ್ಣು. ಜಾತಕ ಕೂಡ್ಲಿಲ್ಲ ಅಷ್ಟೆ. ಕೂಡ್ಸುವ ಬಿಡಿ, ರೈಟ್ರೆ," ಎಂದರು.

ಮೂರು ಭಾನುವಾರ ಕೂತು ಬಳೆ ಕಡೆದರು. ಒಡೆದ ಲೆನ್ಸಿನ ಹಿಂಬದಿಯ ತಟ್ಟೆ ಬಿಚ್ಚಿ ಅದನ್ನೇ ಒಂದು ಬದಿಗೆ ಕೂರಿಸಿದರು. ಕೊನೆಗೆ ಒಗೆದ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, ನಾನು ಏನು ಹೇಳುವೆನೋ ಎಂದು ಕಾಯುತ್ತ ನಿಂತರು. ಬಳೆ, ಲೆನ್ಸ್ ಎರಡನ್ನೂ ಕ್ಯಾಮೆರಾಗೆ ಕೂರಿಸಿ ನೋಡಿದೆ. ಹತ್ತಿರದ ಲೇತಿನ ಹಿಡಿ ನಿಚ್ಚಳವಾಗಿ ಕಂಡಿತು. ರಸ್ತೆಯಾಚೆಯದೆಲ್ಲ ಮಸುಕು. ಗುಡ್ಡವಂತೂ ಬರೀ ಹಸಿರು ಹೊಗೆ.

"ಹೇಗುಂಟು?"

"ಭಾಳ ಚೆನ್ನಾಗಿದೆ," ಎಂದುಬಿಟ್ಟೆ. ಆ ಮುಖ ನೋಡಿ ಬೇರೇನೂ ಹೇಳಲು ಬಾಯಿ ಬರಲಿಲ್ಲ.

ಅಲ್ಲಿಂದ ಮೂರು ತಿಂಗಳು ನಾನು ತೆಗೆದದ್ದೆಲ್ಲ ಮೂಗಿನಡಿಯದೇ. ಇರುವೆ, ಜೇಡ, ಕಪ್ಪೆ, ಕಾಫಿ ಹಣ್ಣು. ಪೇಟೆಗೆ ಹೋದಾಗಲೆಲ್ಲ ತೋರಿಸುತ್ತಿದ್ದೆ. ಅವರು ಪಕ್ಕದ ಅಂಗಡಿಯವನನ್ನೂ ಕರೆದು, "ಕಪ್ಪೆ ಕಣ್ಣಲ್ಲಿ ಆಕಾಶ ಕಾಣ್ತದೆ ನೋಡು ಮಾರಾಯ!" ಎನ್ನುವರು. ಅವರ ಖುಷಿ ಕಂಡಷ್ಟೂ ನನ್ನ ಸುಳ್ಳು ಭಾರವಾಗುತ್ತಿತ್ತು...

ಒಂದು ದಿನ, "ಎಲ್ಲ ಹತ್ರದ್ದೇ ಆಯ್ತಲ್ಲ ರೈಟ್ರೆ. ಒಂದು ಗುಡ್ಡ ತೆಗ್ದು ತೋರ್ಸಿ," ಎಂದರು. ಮಂಜಿತ್ತು ಎಂದೆ. ಮುಂದಿನ ವಾರವೂ ಮಂಜೇ ಎಂದೆ. ಅದರ ಮುಂದಿನ ವಾರ ಅವರೇ ನನ್ನನ್ನು ರಸ್ತೆಗೆ ಕರೆತಂದರು. ಜನವರಿಯ ಬಿಸಿಲು, ಮಂಜಿನ ಸುಳಿವೂ ಇಲ್ಲ.

"ಈಗ ತೆಗೀರಿ."

ತೆಗೆದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಸುರುವಿಂದ ಹೀಗೆಯಾ?"

"ಹೌದು. ನಿಮಗೆ ಬೇಜಾರಾಗ್ತದೆ ಅಂತ..."

ಅವರಿಗೆ ಸಿಟ್ಟು ಬಂದದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ. ದನಿ ಮಾತ್ರ ಏರಲಿಲ್ಲ. "ಪಲ್ಪರ್ ಬೀಜ ಕಡಿದ್ರೆ ಸಾಹುಕಾರ್ರು ಬಂದು ಬೈತಾರೆ. ಬೈಸ್ಕೊಂಡೇ ನಾನು ಕೆಲ್ಸ ಕಲ್ತದ್ದು. ನೀವು ಬೈಲಿಲ್ಲ. ಈ ಮುದುಕನ ಕೈಲಿ ಇನ್ನು ಆಗ್ಲಿಕ್ಕಿಲ್ಲ ಅಂತ ಬಿಟ್ಬಿಟ್ರಿ. ಅಲ್ವಾ?"

ಒಳಗೊಳಗೆ ನಾನು ಅಂದುಕೊಂಡದ್ದು ಅದನ್ನೇ.

ಅವರೇ ಬಳೆ ಬಿಚ್ಚಿಕೊಂಡು, "ಎಂತ ತಪ್ಪಾಗಿದೆ, ಅದಾದ್ರೂ ಹೇಳಿ," ಎಂದರು. ಬಳೆ ತುಸು ದಪ್ಪ, ಅದರಿಂದ ಲೆನ್ಸ್ ಇರಬೇಕಾದ ಜಾಗಕ್ಕಿಂತ ಮುಂದೆ ಕೂತಿದೆ, ಹಾಗಾಗಿ ದೂರದ್ದೆಲ್ಲ ಮಸುಕು ಎಂದೆ. ಎಷ್ಟು ದಪ್ಪ ಎಂಬುದು ನನಗೂ ಗೊತ್ತಿರಲಿಲ್ಲ.

ಗಾಜಿನ ಹಲಗೆಯ ಮೇಲೆ ಎಮರಿ ಪೇಪರ್ ಹಾಸಿ ಅವರು ಬಳೆಯನ್ನು ಉಜ್ಜತೊಡಗಿದರು. ನಾಲ್ಕು ಸುತ್ತು ಉಜ್ಜುವುದು, ರಸ್ತೆಗೆ ಬಂದು ಗುಡ್ಡ ನೋಡುವುದು, ಮತ್ತೆ ಒಳಗೆ. ಅಂಗೈ ಊರಿ ಉಜ್ಜುವಾಗ ಆ ಕೈ ನಡುಗುತ್ತಿರಲಿಲ್ಲ... ಅದನ್ನು ನಾನು ಗಮನಿಸಿದ್ದೇ ಆವತ್ತು. ಎಷ್ಟು ಸಲ ಒಳಗೆ ಹೊರಗೆ ಓಡಾಡಿದೆವೋ, ಊಟ ಮರೆತೇಹೋಯಿತು. ಬಿಸಿಲು ಓರೆಯಾಗುವ ಹೊತ್ತಿಗೆ ಗುಡ್ಡದ ನೆತ್ತಿಯ ಒಂಟಿ ಮರದ ಕೊಂಬೆಗಳು ಬಿಡಿಬಿಡಿಯಾಗಿ ಕಂಡವು.

"ಇನ್ನು ಬೈಲಿಕ್ಕೆ ಎಂತ ಉಂಟು, ಹೇಳಿ," ಎಂದರು.

ಹುಡುಕಿ ಹೇಳಿದೆ: "ಕೂರಿಸಿದ ಮೇಲೆ ಸ್ವಲ್ಪ ಅಲ್ಲಾಡ್ತದೆ."

"ಹಾಂ! ಹಾಗೆ ಹೇಳಿ ಮಾರಾಯ್ರೆ," ಎಂದು ಜೋರಾಗಿ ನಕ್ಕು ಸ್ಕ್ರೂ ಬಿಗಿಯತೊಡಗಿದರು.

ಆ ಲೆನ್ಸಿನಲ್ಲಿ ಮುಂದೆ ಎಷ್ಟೋ ಚಿತ್ರ ತೆಗೆದೆ. ಒಂದೊಂದನ್ನೂ ಅವರಿಗೆ ಒಯ್ದು ತೋರಿಸಿದೆ. ಅವರೂ ಮುಲಾಜಿಲ್ಲದೆ, "ಇದ್ರಲ್ಲಿ ಎಂತ ಉಂಟು ನೋಡ್ಲಿಕ್ಕೆ?" ಎಂದು ಬೈದರು. ನನಗೆ ಚಿತ್ರ ತೆಗೆಯಲು ಬಂದದ್ದು ಹಾಗೆ. ಅದಕ್ಕಿಂತ ದೊಡ್ಡ ಉಪಕಾರ ನನಗೆ ಯಾರೂ ಮಾಡಿಲ್ಲ.

ನಾನು ಸಂಸೆಯ ಎಸ್ಟೇಟಿಗೆ ಬಂದ ಮೇಲೆ, ಒಂದು ಆಷಾಢದಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದದ್ದು ಮೂರು ದಿನ ಕಳೆದು, ಅವರ ಮಗಳು ಫೋನ್ ಮಾಡಿದಾಗ. "ಅಪ್ಪನದ್ದು ಒಂದು ಫೋಟೋ ನಿಮ್ಮ ಹತ್ರ ಇರ್ಬೇಕಲ್ಲ ಅಣ್ಣ," ಎಂದು ಕೇಳಿದಳು.

ಇಲ್ಲ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಬಳೆ ಕೈಗೆ ಬಂದ ಮೊದಲ ದಿನ ಅವರನ್ನು ಲೇತಿನ ಬಾಗಿಲಲ್ಲಿ ನಿಲ್ಲಿಸಿ ರಸ್ತೆಯಾಚೆಯಿಂದ ಒಂದು ಫೋಟೋ ತೆಗೆದಿದ್ದೆ. ಮಸುಕಾಗಿತ್ತು. ನನ್ನ ಸುಳ್ಳು ಹೊರಬಿದ್ದೀತೆಂದು ಆ ಸಂಜೆಯೇ ಅಳಿಸಿಹಾಕಿದೆ. ಆಮೇಲೆ ಎಷ್ಟು ಕರೆದರೂ, "ನಂದೆಂತಕ್ಕೆ?" ಎಂದು ಅವರು ಕ್ಯಾಮೆರಾದ ಮುಂದೆ ನಿಲ್ಲಲೇ ಇಲ್ಲ. ಎಲ್ಲವನ್ನೂ ಆಕೆಗೆ ಹೇಳಿದೆ.

ಆಕೆ, "ಮಸುಕಾದ್ರೂ ಅಡ್ಡಿ ಇರ್ಲಿಲ್ಲ ಅಣ್ಣ," ಎಂದಳು.

ಆ ಲೇತ್ ಈಗಿಲ್ಲ. ಅಲ್ಲೊಂದು ಬೇಕರಿ ಬಂದಿದೆ. ಕಳಸದ ಬಸ್ಸಿನಲ್ಲಿ ಮೂಡಿಗೆರೆಗೆ ಹೋದಾಗಲೆಲ್ಲ ಕಿಟಕಿಯಿಂದ ಆ ಬಾಗಿಲ ಕಡೆ ನೋಡುತ್ತೇನೆ. ಯಾರಾದರೂ ನಿಂತಿರುತ್ತಾರೆ. ಅವರಲ್ಲವೆಂದು ತಿಳಿಯಲು ಒಂದು ಗಳಿಗೆ ಹಿಡಿಯುತ್ತದೆ.